ಮಾಮಾನ ಮೂರನೆಯ ಸೈಲೆನ್ಸರ್

ನಮ್ಮ ಮಾಮಾನಷ್ಟು ಮೌನಿ ಇಡೀ ಬೈಲಹೊಂಗಲ ತಾಲೂಕಿನಲ್ಲಿ ಇನ್ನೊಬ್ಬರಿಲ್ಲ. ಅವರು ಮನೆಗೆ ಬರುವುದು ಮೂರು ಊರಿಗೆ ಕೇಳಿಸುತ್ತಿತ್ತು ಎಂಬುದು ಬೇರೆ ಮಾತು!

ಮಾಮಾ ಎಂದರೆ ನನ್ನ ಅವ್ವನ ಅಣ್ಣ. ಸಂಗೊಳ್ಳಿ ದಾರಿಯಲ್ಲಿ ಅವರ ಮನೆ. ಸ್ವಂತ ಗಾಡಿಯಲ್ಲಿ ಉಳ್ಳಾಗಡ್ಡಿ, ಬೆಲ್ಲ, ಯಾರದೋ ಮದುವೆಯ ಪಾತ್ರೆಪಗಡ, ಏನು ಸಿಕ್ಕರೂ ಹೇರಿಕೊಂಡು ಮುನವಳ್ಳಿ, ಸವದತ್ತಿ, ರಾಮದುರ್ಗ ಎಂದು ತಿರುಗುವುದು ಅವರ ಕಸುಬು. ಮಾತು ಮಾತ್ರ ಬಲು ತುಟ್ಟಿ. ಮನೆಗೆ ಬೆಂಕಿ ಬಿದ್ದಿದೆ ಎಂದರೂ "ನೋಡೂಣು" ಎನ್ನುವವರ ಪೈಕಿ.

ಬಾಯಿ ಕಡಿಮೆ ಇದ್ದವರಿಗೆ ಕಿವಿ ಚುರುಕು ಅನ್ನುತ್ತಾರೆ. ಮಾಮಾ ಲೋಕವನ್ನೇ ಕಿವಿಯಿಂದ ಅಳೆಯುವವರು. ಕಲ್ಲಂಗಡಿಯನ್ನು ಬಡಿದು ನೋಡಿ ಕೊಳ್ಳುವುದು ನಾವೂ ನೀವೂ ಮಾಡುವುದೇ. ಮಾಮಾ ಕುರ್ಚಿಯನ್ನೂ ಬಡಿದು ನೋಡಿ ಕೊಳ್ಳುತ್ತಾರೆ. ಒಮ್ಮೆ ಫ್ಯಾನ್ ಕೊಳ್ಳಲು ಹೋಗಿ ಒಂದೊಂದೇ ಫ್ಯಾನಿನ ಕೆಳಗೆ ಕಣ್ಣುಮುಚ್ಚಿ ನಿಂತಾಗ, ಇವರಿಗೆ ತಲೆಸುತ್ತು ಬಂದಿದೆ ಎಂದು ತಿಳಿದ ಅಂಗಡಿಯವನು ಸೋಡಾ ತರಿಸಿದ್ದ. ಅಷ್ಟೇಕೆ, ಅತ್ತೆಯನ್ನು ಒಪ್ಪಿದ್ದೂ ಹಾಗೆಯೇ! ಹೆಣ್ಣು ನೋಡಲು ಹೋದವರು ತಲೆ ಎತ್ತಲೇ ಇಲ್ಲವಂತೆ. ಒಳಗಿನಿಂದ ಅತ್ತೆ, "ಯವ್ವಾ, ಚಾಕ್ಕ ಸಕ್ರಿ ಹಾಕಿಯೇನ?" ಎಂದು ಕೇಳಿದಳು. ಆ ಒಂದು ದನಿಗೆ ಮಾಮಾ ಹಿರಿಯರ ಕಡೆ ತಿರುಗಿ, "ಆತು" ಎಂದರು. ಆದದ್ದು ಚಹವೋ ಸಂಬಂಧವೋ ಎಂದು ಹಿರಿಯರಿಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತಂತೆ.

ಆ ಮನೆಯಲ್ಲಿ ಒಂದು ಪದ್ಧತಿ. ಮಾಮಾ ಎಷ್ಟು ಹೊತ್ತಿಗೆ ಬರಲಿ, ಜೋಳದ ರೊಟ್ಟಿ ಹಂಚಿನಿಂದ ಎದ್ದು ನೇರ ಅವರ ತಾಟಿಗೆ ಬೀಳಬೇಕು. ಇದು ಮಾಮಾ ಹಾಕಿದ ಕಟ್ಟಳೆಯಲ್ಲ, ಅತ್ತೆ ತಾನೇ ಹಾಕಿಕೊಂಡದ್ದು. ಮಧ್ಯಾಹ್ನವಾಯಿತೆಂದರೆ ಹಿಟ್ಟು ನಾದಿ, ಹಂಚಿನ ಮೇಲಿನ ರೊಟ್ಟಿಗೆ ಸವರಲು ಬೋಗುಣಿಯಲ್ಲಿ ನೀರಿಟ್ಟುಕೊಂಡು ಕೂರುತ್ತಾಳೆ. ರಸ್ತೆ ಅಡುಗೆಮನೆಯ ಹಿಂಗೋಡೆಯ ಹತ್ತಿರವೇ ಹಾದು, ಬಸವಣ್ಣನ ಗುಡಿ ಸುತ್ತಿ ಮನೆಯ ಮುಂದೆ ಬರುತ್ತದೆ. ಹಿಂದೆ ಗಾಡಿಯ ಸದ್ದಾಯಿತೋ, ಒಲೆ ಹೊತ್ತಬೇಕು. ಮಾಮಾ ಗುಡಿ ಸುತ್ತಿ ಬಂದು, ಗಾಡಿ ನಿಲ್ಲಿಸಿ, ಕೈಕಾಲು ತೊಳೆದು ಕೂರುವುದಕ್ಕೂ ಮೊದಲ ರೊಟ್ಟಿ ಉಬ್ಬುವುದಕ್ಕೂ ಸರಿಹೋಗುತ್ತದೆ. "ಮೂವತ್ತ ವರ್ಷ ಆತು, ನಿಮ್ಮ ಮಾಮಾಗ ಒಂದ ದಿನಾನೂ ಆರಿದ ರೊಟ್ಟಿ ನೀಡಿಲ್ಲ" ಎಂದು ಅತ್ತೆ ಬಂದವರಿಗೆಲ್ಲ ಹೇಳುತ್ತಾಳೆ. ನಾನು ನನ್ನ ಎರಡು ಡಿಗ್ರಿಗಳ ಬಗ್ಗೆಯೂ ಅಷ್ಟು ಹೆಮ್ಮೆಯಿಂದ ಹೇಳಿಕೊಂಡಿಲ್ಲ.

ಹಳೆಯ ಟೆಂಪೊ ಇರುವವರೆಗೆ ಯಾವ ತೊಂದರೆಯೂ ಇರಲಿಲ್ಲ. ಅದು ತಿರುವಿಗೆ ಬಂದರೆ ಮನೆಯ ಕಿಟಕಿ ಬಾಗಿಲುಗಳೆಲ್ಲ ಗಡಗಡ ನಡುಗುತ್ತಿದ್ದವು. ಹೋದ ವರ್ಷ ಅದನ್ನು ಕೊಟ್ಟು ಮಾಮಾ ಟರ್ಬೋ ಡೀಸೆಲ್ ಪಿಕಪ್ ತಂದರು. ಅದು ಬೆಕ್ಕು ಹಾಲಿನ ಪಾತ್ರೆಯ ಹತ್ತಿರ ಬಂದಂತೆ ಬರುತ್ತದೆ. ಬಂದ ವಾರವೇ ಅನಾಹುತವಾಯಿತು. ಒಂದು ಮಧ್ಯಾಹ್ನ ಅತ್ತೆ ತಿರುಗಿ ನೋಡುತ್ತಾಳೆ, ಮಾಮಾ ಬೆನ್ನ ಹಿಂದೆಯೇ ನಿಂತಿದ್ದಾರೆ. ಒಲೆ ಹೊತ್ತಿಲ್ಲ, ಹಂಚು ಕಾದಿಲ್ಲ. ಗಾಬರಿಯಲ್ಲಿ ಮುಂಜಾನೆಯ ರೊಟ್ಟಿಯನ್ನೇ ಬಡಿಸಿಬಿಟ್ಟಳು. ಮಾಮಾ ಏನೂ ಆಗದವರಂತೆ ಉಂಡೆದ್ದರು. ಅತ್ತೆ ಮಾತ್ರ ಆ ಹೊತ್ತು ತುತ್ತು ಮುಟ್ಟಲಿಲ್ಲ.

"ಎಂಥಾ ಗಾಡಿ ತಂದ್ರಿ? ಅದಕ್ಕ ದನೀನ ಇಲ್ಲ" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು.

ಮಾಮಾ ಆಕೆಯ ಮುಖವನ್ನು ತುಂಬಾ ಹೊತ್ತು ನೋಡಿ, "ನೋಡೂಣು" ಎಂದರು.

ನೀವು ಕೇಳಬಹುದು, ಈ ಕಾಲದಲ್ಲಿ ಫೋನ್ ಇಲ್ಲವೇ? ನಾನೂ ಅದನ್ನೇ ಕೇಳಿದೆ. "ಹೆಂಡ್ತಿಗೆ ಮಿಸ್ಡ್ ಕಾಲ್ ಕೊಟ್ಟ ರೊಟ್ಟಿ ತಿನ್ನೂ ಗಂಡಸು ನಾ ಅಲ್ಲ" ಎಂದರು. ಹಾರ್ನ್ ಹೊಡೆಯಬಹುದಲ್ಲ ಎಂದೆ. "ಆ ತಿರುವಿನ್ಯಾಗ ಎಲ್ಲಾರೂ ಹೊಡೀತಾರ. ಯಾರ್ ಯಾರಿಗೆ ರೊಟ್ಟಿ ಬಡೀಬೇಕು ಆಕಿ?" ಮಾಮಾ ಒಂದೇ ದಿನ ಇಷ್ಟು ಮಾತಾಡಿದ್ದು ನಾನು ಅದೇ ಮೊದಲು ಕೇಳಿದ್ದು.

ನಾನು ಸವದತ್ತಿಯ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ಶನಿವಾರ ಮುಂಜಾನೆಯ ಶಾಲೆ ಮುಗಿಸಿ ಮಾಮಾನ ಗಾಡಿಯಲ್ಲೇ ಊರಿಗೆ ಬರುವುದು ವಾಡಿಕೆ. ಹೀಗಾಗಿ ಮುಂದಿನ ಪುರಾಣಕ್ಕೆ ನಾನೇ ಸಾಕ್ಷಿ. ಮುನವಳ್ಳಿಯ ಒಬ್ಬ ಮಿಸ್ತ್ರಿಯ ಮುಂದೆ ಗಾಡಿ ನಿಲ್ಲಿಸಿ ಮಾಮಾ, "ಸೈಲೆನ್ಸರ್ ಬದಲಿ ಮಾಡಬೇಕು. ಸದ್ದು ಮಾಡೂವಂಥಾದ್ದು ಹಾಕು" ಎಂದರು.

ನನ್ನೊಳಗಿನ ಟೀಚರ್ ಸುಮ್ಮನಿರಬೇಕಲ್ಲ! "ಮಾಮಾ, ಸೈಲೆನ್ಸರ್ ಅಂದ್ರ ಸದ್ದು ಅಡಗಸೂದ್ರಿ. ಇಂಗ್ಲಿಷಿನ್ಯಾಗ ಅರ್ಥಾನ ಅದು."

ಮಾಮಾ ಯೋಚಿಸಿ, "ಹಂಗಾದ್ರ ಹೆಸರ ತಪ್ಪಿಟ್ಟಾರ" ಎಂದರು.

ಮಿಸ್ತ್ರಿ ಗಾಡಿಯ ಕೆಳಗೆ ತೂರಿ ಹೊರಬಂದ. "ಮಾಲಕರ, ಅರ್ಧಾ ದನಿ ಟರ್ಬೋ ನುಂಗತೈತಿ. ಉಳದದ್ದು ಈ ಡಬ್ಬಿ ನುಂಗತೈತಿ. ಬೆಳಗಾವಿಯಿಂದ ಬ್ಯಾರೆ ಸೆಟ್ ತರಸೂಣು."

ಬಂದ ಸೆಟ್ಟು ಕನ್ನಡಿಯಂತೆ ಹೊಳೆಯುತ್ತಿತ್ತು. ಆದರೆ ಅದು ಬೇರೆ ಯಾವುದೋ ಗಾಡಿಯದು, ಮೊಳ ಉದ್ದ ಹೆಚ್ಚು. ಮಿಸ್ತ್ರಿ ಅದನ್ನು ಕೊಯ್ದು, ಬಗ್ಗಿಸಿ, ಬೆಸುಗೆ ಹಾಕಿ ಅಂತೂ ಕೂಡಿಸಿದ. ಹೊಸ ಕೊಳವೆಯಿಂದ ಟರ್ಬೋ ಸೀಟಿ ಹೊಡೆಯುವುದು ಸ್ಪಷ್ಟವಾಗಿ ಕೇಳತೊಡಗಿತು. ಮಾಮಾ ಮನೆಯ ಹಿಂದೆ ಗಾಡಿಯನ್ನು ಚಾಲೂ ಇಟ್ಟು, ಅತ್ತೆ ಮುಂದಿನ ಅಂಗಳದಲ್ಲಿ ಬಟ್ಟೆ ಒಣಹಾಕುತ್ತಿದ್ದ ಸಮಯ ನೋಡಿ ಅಡುಗೆಮನೆಗೆ ಓಡಿದರು. ಒಲೆಯ ಮುಂದೆ ಕುಕ್ಕುರುಗಾಲಲ್ಲಿ ಕುಳಿತು ಬೋಗುಣಿಯ ನೀರನ್ನೇ ನೋಡತೊಡಗಿದರು.

"ಏನ ನೋಡಾಕತ್ತೀರಿ ಮಾಮಾ?"

"ದನಿ."

"ದನಿ ಕೇಳೂದಲ್ಲೇನ್ರಿ?"

"ಚೀರತೈತಿ ಅಷ್ಟ. ಬ್ಯಾಡ ಇದು."

ಅಷ್ಟರಲ್ಲಿ ಪಕ್ಕದ ಮನೆಯ ಅಕ್ಕೋರು ಕುಕ್ಕರನ್ನು ಕೈಯಲ್ಲೇ ಹಿಡಿದು ಬಂದರು. "ಅಣ್ಣಾರ, ನಿಮ್ಮ ಗಾಡಿ ಹೊಡದ ಸೀಟಿ ನಮ್ಮ ಕುಕ್ಕರಿಂದು ಅಂತ ತಿಳಕೊಂಡು ಅನ್ನಾ ಇಳಿಸೇನ್ರಿ. ಬೀಗರು ಊಟಕ್ಕ ಕುಂತಾರ, ಅಕ್ಕಿ ಅಕ್ಕೀನ ಐತಿ."

ಮಾಮಾ ಕ್ಷಮೆ ಕೇಳುವರೆಂದು ನಾನು ಕಾದೆ. ಅವರು ಕುಕ್ಕರನ್ನು ಬೆರಳಿನಿಂದ ಒಮ್ಮೆ ಬಡಿದು, ಕಿವಿಗೊಟ್ಟು, "ಇನ್ನೊಂದು ಸೀಟಿ ಬೇಕು" ಎಂದರು.

ಎರಡನೆಯ ಸೈಲೆನ್ಸರಿನದು ಬೇರೆಯೇ ಕಥೆ. ಅದು ಏರಿನಲ್ಲಿ ಪಟಾಕಿ ಹಾರಿಸುತ್ತಿತ್ತು, ಇಳುಕಲಿನಲ್ಲಿ ಕೆಮ್ಮುತ್ತಿತ್ತು. ಎಮ್ಮೆಗಳು ಹಗ್ಗ ಹರಿದವು, ಮಲಗಿದ ಕೂಸುಗಳು ಎದ್ದವು. ಸವದತ್ತಿಯ ಹೊರಗೆ ಪೊಲೀಸರೊಬ್ಬರಂತೂ ನಮ್ಮ ಗಾಡಿ ಕಣ್ಣಿಗೆ ಬೀಳುವ ಮೊದಲೇ ಕೈ ಅಡ್ಡ ಚಾಚಿ ನಿಂತಿದ್ದರು.

"ಏನ್ರಿ ಇದು?"

"ಸೈಲೆನ್ಸರ್ ರೀ ಸಾಹೇಬ್ರ."

"ಇದು ಸೈಲೆನ್ಸರ್ ಆದ್ರ ನಮ್ಮ ಲಾಠೀನ ಮುಲಾಮ ಅನಬೇಕು. ಗಾಡಿ ಬಾಜೂಕ ಹಚ್ರಿ."

ದಂಡದ ಚೀಟಿ ಹರಿದು ಕೊಡುವಾಗ ಮಾಮಾ ಬಲು ವಿನಯದಿಂದ ಕೇಳಿದರು, "ಸಾಹೇಬ್ರ, ಒಂದ ಮಾತು. ಈ ದನಿ ನಿಮಗ ಕಿವಿಗೆ ಹತ್ತಿತೋ, ಕಾಲಿಗೆ ಹತ್ತಿತೋ?"

ಪೊಲೀಸರು ನನ್ನ ಮುಖ ನೋಡಿದರು. ನಾನು ಆಕಾಶ ನೋಡಿದೆ. "ಕಿವಿಗೇ" ಎಂದರು ಅವರು.

"ಹಂಗಾದ್ರ ತಗಸ್ತೇನಿ" ಎಂದು ಮಾಮಾ ಗಾಡಿ ಹತ್ತಿದರು.

ಮೂರನೆಯ ಸಲ ಮಿಸ್ತ್ರಿ ಕೈಮುಗಿದ. "ಮಾಲಕರ, ನಿಮಗ ಎಂಥಾ ದನಿ ಬೇಕು, ಒಮ್ಮೆ ಬಾಯಿಬಿಟ್ಟ ಹೇಳ್ರಿ." ಮಾಮಾ ಕಣ್ಣು ಮುಚ್ಚಿದರು. "ಹಿಟ್ಟಿನ ಗಿರಣಿಯಾಗ ಬರಿಗಾಲಿಲೆ ನಿಂತ್ರ ಅಂಗಾಲಿಗೆ ಹತ್ತತೈತಲ್ಲ, ಅದು. ಚೀರಬಾರದು, ಸಿಡೀಬಾರದು. ನೆಲಕ್ಕ ಹತ್ತಬೇಕು." ಮಿಸ್ತ್ರಿ ತಲೆ ಕೆರೆದುಕೊಂಡ. ಆಮೇಲೆ ಅವನಿಗೂ ಹುರುಪು ಬಂತು. ದಪ್ಪ ಕೊಳವೆ ತಂದ, ಕೊಡದಂಥ ಡಬ್ಬಿಯೊಂದನ್ನು ತಾನೇ ಬೆಸೆದ, ಸ್ಟೆಪ್ನಿ ಟೈರಿನ ಜಾಗ ಬದಲಿಸಿ ಅದನ್ನು ರಬ್ಬರಿನ ಕೊಂಡಿಗಳಿಗೆ ತೂಗುಹಾಕಿದ. ಮೂರು ಶನಿವಾರ ಹಿಡಿಯಿತು. ಕೊನೆಗೆ ಚಾಲೂ ಮಾಡಿದರೆ ನನಗೆ ನಿರಾಸೆಯೇ ಆಯಿತು. ಹೊಟ್ಟೆಯೊಳಗೇ ಯಾರೋ "ಹೂಂ" ಅಂದಂತೆ ಒಂದು ಗುಂಯ್‌ಗುಡುವಿಕೆ, ಅಷ್ಟೇ. ಅದೇ ಪೊಲೀಸರು ಈ ಸಲ ನಮ್ಮನ್ನು ತಡೆಯಲೂ ಇಲ್ಲ. ಇಷ್ಟಕ್ಕೇ ಇಷ್ಟೆಲ್ಲ ಮಾಡಬೇಕಿತ್ತೇ ಎಂದುಕೊಂಡೆ.

ಮುಂದಿನ ವಾರ ಶಾಲೆಗೆ ರಜೆ. ನಾನು ಮೊದಲೇ ಬಂದು ಅಡುಗೆಮನೆಯಲ್ಲಿ ಅತ್ತೆಯ ಹಿಂದೆ ಕುಳಿತು ಸೊಪ್ಪು ಸೋಸುತ್ತಿದ್ದೆ. "ಅತ್ತಿ, ಶೇಂಗಾ ಚಟ್ನಿ ಎಲ್ಲಿಟ್ಟಿ?" ಎಂದೆ. ಉತ್ತರವಿಲ್ಲ. ಇನ್ನೊಮ್ಮೆ ಕೇಳಿದೆ. ಮತ್ತೂ ಜೋರಾಗಿ ಕೇಳಿದೆ. ಅತ್ತೆ ಅಲುಗಲಿಲ್ಲ. ಆಕೆಯ ಕಣ್ಣು ಬೋಗುಣಿಯ ನೀರಿನ ಮೇಲಿತ್ತು.

ನೀರು ನಡುಗಿತು. ಅಂಚಿನಿಂದ ನಡುವಿಗೆ ಸಣ್ಣ ಸಣ್ಣ ಬಳೆಗಳು ಓಡಿದವು. ನನ್ನ ಅಂಗಾಲಿಗೂ ನೆಲ ಜುಮ್ಮೆಂದಿತು. ಅತ್ತೆ ತಟ್ಟನೆ ಒಲೆ ಹೊತ್ತಿಸಿ ಹಂಚಿಟ್ಟಳು. ಆಮೇಲೆ ನನ್ನ ಕಡೆ ತಿರುಗಿ ಹೆಮ್ಮೆಯಿಂದ ಹೇಳಿದಳು, "ಬಂತ ನೋಡ ನಿಮ್ಮ ಮಾಮಾನ ಗಾಡಿ. ಎಷ್ಟ ದೂರ ಇದ್ರೂ ನನಗ ಕೇಳತೈತಿ."

ನನ್ನ ಕೈಯಲ್ಲಿದ್ದ ಸೊಪ್ಪು ಕೈಯಲ್ಲೇ ಉಳಿಯಿತು. ಹಾಗಾದರೆ ಆ ಹೊಸ ಗಾಡಿಗೆ ದನಿ ಇರಲಿಲ್ಲವೆಂದಲ್ಲ. ನನಗೆ ಅಳು ಉಕ್ಕಿ ಬಂತು. ಎದ್ದು ಮುಂಬಾಗಿಲಿಗೆ ಹೋದೆ. ಮಾಮಾ ಕಾಲು ತೊಳೆಯುತ್ತಿದ್ದರು.

"ನಿಮಗ ಎಂದ ಗೊತ್ತಾತು ಮಾಮಾ?"

ಮಾಮಾ ತಂಬಿಗೆ ಕೆಳಗಿಟ್ಟರು. "ಆರಿದ ರೊಟ್ಟಿ ನೀಡಿದಳಲ್ಲ, ಆವತ್ತ. ಹಿಂದ ನಿಂತು ಮೂರು ಸಲ ಕರದೆ."

"ಡಾಕ್ಟರ ಕಡೆ ಕರಕೊಂಡ ಹೋಗೂಣಲ್ರಿ."

"ಹೋಗೂದ. ಆಕಿ ಒಮ್ಮೆ ಬಾಯಿಬಿಟ್ಟ ಹೇಳ್ಲಿ. ಅಲ್ಲೀತನಕ ಆಕಿ ಮಾತ ಸುಳ್ಳಾಗಬಾರದು." ಇಷ್ಟು ಹೇಳಿ ಒಳಗೆ ಹೋಗಿ ತಾಟಿನ ಮುಂದೆ ಕುಳಿತರು.

ಉಬ್ಬಿದ ರೊಟ್ಟಿ ಹಂಚಿನಿಂದ ಎದ್ದು ತಾಟಿಗೆ ಬಿತ್ತು. ಮಾಮಾ ತಿಂದು, "ಇನ್ನೊಂದು" ಎನ್ನಲಿಲ್ಲ. ಅಂಗೈಯಿಂದ ನೆಲವನ್ನು ಎರಡು ಸಲ ಮೆಲ್ಲಗೆ ತಟ್ಟಿದರು. ಬೋಗುಣಿಯ ನೀರು ಅಲುಗಿತು, ಅತ್ತೆ ಎರಡನೆಯ ರೊಟ್ಟಿ ಬಡಿಯತೊಡಗಿದಳು.

ಬಡಿಯುತ್ತಲೇ ನನ್ನ ಕಡೆ ಬಾಗಿ, ಗುಟ್ಟು ಹೇಳುವವಳಂತೆ, ಆದರೆ ಓಣಿಗೆಲ್ಲ ಕೇಳುವಷ್ಟು ಜೋರಾಗಿ ಅಂದಳು, "ನಿಮ್ಮ ಮಾಮಾ ಮೊದಲ ಮಾತಾಡೂದ ಕಡಿಮಿ. ಈಗೀಗ ನೋಡವಾ, ಬರೇ ತುಟಿ ಅಲ್ಲಾಡಸ್ತಾರ."

ಮಾಮಾ ತಲೆ ತಗ್ಗಿಸಿ ರೊಟ್ಟಿ ಮುರಿಯುತ್ತಿದ್ದರು. ನಾನು ಅತ್ತೆಗೆ ಕಾಣುವಂತೆ ಎದುರಿಗೆ ಸರಿದು ಕುಳಿತೆ, ಒಂದೊಂದೇ ಮಾತನ್ನು ಬಿಡಿಸಿ ಹೇಳಿದೆ.

"ಹೌದು ಅತ್ತಿ. ಮಾಮಾಂದು ಮೊದಲಿಂದಾನೂ ದನಿ ಸಣ್ಣದು."