ಉಗ್ರಾಣಿಯ ಎಡತೋಳು

ಭೂಮಂಡಲದಲ್ಲಿ ಇದುವರೆಗೆ ಆಗಿಹೋದ ಅನರ್ಥಗಳಿಗೆಲ್ಲ ಏನಾದರೂ ದೊಡ್ಡ ಕಾರಣ ಇದ್ದೇ ಇರುತ್ತದೆ. ಉಗ್ರಾಣಿಯ ಅನರ್ಥಕ್ಕೆ ಮಾತ್ರ ಕಾರಣವಾದದ್ದು ಒಂದೂವರೆ ಗೇಣುದ್ದದ ಒಂದು ಪ್ಲಾಸ್ಟಿಕ್ ಪಟ್ಟಿ. ಅದರ ತೂಕ ಕಾಗೆಯ ಪುಕ್ಕಕ್ಕಿಂತ ಕಡಿಮೆ. ಕೊಟ್ಟ ಪೆಟ್ಟು ಮಾತ್ರ ಆನೆ ಒದ್ದಷ್ಟು.

ಆಹಾರ ಪರಿಹಾರ ಇಲಾಖೆಯ ಉಗ್ರಾಣದಲ್ಲಿ ಅವನು ಹತ್ತೊಂಬತ್ತು ವರ್ಷಗಳಿಂದ ಸಹಾಯಕ ಉಗ್ರಾಣಿ. ಎಂಥ ಸಪೂರ ಮನುಷ್ಯನೆಂದರೆ, ಅಡ್ಡ ತಿರುಗಿ ನಿಂತಾಗ ಹಾಜರಿ ಹಾಕುವವರು ಗೈರು ಎಂದು ಬರೆದದ್ದುಂಟು. ಯಾರೋ ಹೇಳಿದ ಮಾತಲ್ಲ ಇದು, ಬರೆದ ಕೈಯನ್ನೇ ನಾನು ಬಲ್ಲೆ. ಗಾಳಿ ಜೋರಾದ ದಿನ ಅವನು ಜೇಬಿನಲ್ಲಿ ಬೀಗದ ಕೈ ಗೊಂಚಲು ಇಟ್ಟುಕೊಂಡೇ ಹೊರಗೆ ಕಾಲಿಡುತ್ತಿದ್ದ. ಬೀಗ ತೆರೆಯುವುದಕ್ಕಲ್ಲ, ನೆಲ ಬಿಡದಿರುವುದಕ್ಕೆ.

ಆ ದಿನ ಅವನ ಬದುಕಿನ ದೊಡ್ಡ ದಿನ. ಮೂರು ವರ್ಷಗಳ ಹಿಂದೆ ಹೊರಗಿನ ನೆರವು ಸಂಸ್ಥೆಯೊಂದು ಒಬ್ಬ ಸಲಹೆಗಾರ್ತಿಯನ್ನು ಅಲ್ಲಿಗೆ ಕಳುಹಿಸಿತ್ತು. ಧಾನ್ಯ ತಂದು ಸುರಿಯುವುದು ಅವರ ಕೆಲಸವಲ್ಲ. ಬಂದ ಧಾನ್ಯ ಇಲಿಗಿಂತ ಮೊದಲು ಹಸಿದವರ ಬಾಯಿಗೆ ಸೇರುವುದು ಹೇಗೆಂದು ಇಲಾಖೆಗೆ ಕಲಿಸುವುದು ಅವರ ಕೆಲಸ. ಕಲಿಸಿದ್ದಾಗಿತ್ತು. ಮರುದಿನ ಅವರು ಊರಿಗೆ ಹೊರಡುವವರು. ಹೊರಡುವ ಮುನ್ನ ಇಡೀ ಉಗ್ರಾಣಕ್ಕೆ ಒಬ್ಬ ಮುಖ್ಯಸ್ಥನನ್ನು ಆರಿಸಿ, ಸಂಜೆ ಐದಕ್ಕೆ ಕೈಯಾರೆ ಆದೇಶ ಕೊಡಬೇಕಿತ್ತು. ಆ ಆದೇಶದಲ್ಲಿ ತನ್ನ ಹೆಸರಲ್ಲದೆ ಇನ್ಯಾರ ಹೆಸರು ಬರಲು ಸಾಧ್ಯ ಎಂದು ಉಗ್ರಾಣಿ ಹೊಸ ಅಂಗಿಯನ್ನೇ ಹಾಕಿಕೊಂಡು ಬಂದಿದ್ದ.

ಬೆಳಿಗ್ಗೆ ಹತ್ತಕ್ಕೆ ಕೊನೆಯ ಪಾಠ. ಯಾರಿಗೆ ತುರ್ತಾಗಿ ಪೌಷ್ಟಿಕ ಆಹಾರ ಕೊಡಬೇಕು ಎಂದು ತೋಳಿನ ಸುತ್ತಳತೆ ನೋಡಿ ತಿಳಿಯುವ ಪಾಠ. ಪಟ್ಟಿಗೆ ಮೂರು ಬಣ್ಣ. ಹಸಿರಿಗೆ ಬಂದರೆ ಕ್ಷೇಮ, ಹಳದಿಗೆ ಬಂದರೆ ಎಚ್ಚರ, ಕೆಂಪಿಗೆ ಬಂದರೆ ಆ ಕ್ಷಣವೇ ಹೆಸರು ದಾಖಲು.

"ಯಾರಾದರೂ ಒಬ್ಬರು ಮುಂದೆ ಬರಬಹುದೇ?" ಎಂದರು ಸಲಹೆಗಾರ್ತಿ. ಭಾಷೆಯನ್ನು ಪುಸ್ತಕದಿಂದ ಕಲಿತವರು ಅವರು. ಮಾತಾಡಿದರೆ ಇಸ್ತ್ರಿ ಮಾಡಿದ ಬಟ್ಟೆ ಮಡಚಿಟ್ಟ ಹಾಗಿರುತ್ತಿತ್ತು.

ಉಗ್ರಾಣಿ ಅಂಗಿಯ ತೋಳು ಮಡಚಿ ಮುಂದೆ ನಿಂತ. ಮುಖ್ಯಸ್ಥನಾಗುವವನು ಹಿಂದೆ ನಿಲ್ಲುವುದುಂಟೇ? ಪಟ್ಟಿ ಅವನ ಎಡತೋಳನ್ನು ಸುತ್ತಿತು, ಇನ್ನೂ ಸುತ್ತಿತು, ಬಾವಿಗಿಳಿದ ಹಗ್ಗದಂತೆ ಒಳಗೊಳಗೇ ಹೋಗಿ ಕೊನೆಗೆ ಕೆಂಪಿನಲ್ಲಿ ನಿಂತಿತು. ಹಳದಿಗೆ ಎರಡೇ ಎರಡು ಎಳೆ ಕಡಿಮೆ.

ಎಲ್ಲರೂ ನಕ್ಕರು, ಉಗ್ರಾಣಿಯೂ ನಕ್ಕ. ನಗದವಳು ಒಬ್ಬಳೇ, ಕಂಪ್ಯೂಟರಿನ ಮುಂದೆ ಕೂತಿದ್ದ ದಾಖಲೆಯ ಹುಡುಗಿ. ಕೆಂಪು ಬಂದರೆ ಮುಖ ನೋಡಬಾರದು, ಮುಲಾಜು ನೋಡಬಾರದು, ಬರೆದುಕೊಳ್ಳಬೇಕು ಎಂದು ಅವಳಿಗೆ ಮೂರು ವರ್ಷ ಕಲಿಸಲಾಗಿತ್ತು. ಅವಳು ಬರೆದುಕೊಂಡಳು.

ಅರ್ಧ ಗಂಟೆಯ ನಂತರ ಉಗ್ರಾಣಿ ಚಹಾ ಕುಡಿದು ಬಂದು ಸಿಬ್ಬಂದಿಯ ಬಾಗಿಲಿನ ಯಂತ್ರಕ್ಕೆ ಹೆಬ್ಬೆರಳು ಒತ್ತಿದ. ಹತ್ತೊಂಬತ್ತು ವರ್ಷ ನಿಷ್ಠೆಯಿಂದ ಸವೆದ ಹೆಬ್ಬೆರಳು ಅದು. ಯಂತ್ರ ಕೆಂಪು ದೀಪ ಮಿಟುಕಿಸಿ ಅಕ್ಷರ ಮೂಡಿಸಿತು: "ದಯವಿಟ್ಟು ಎಡಗಡೆಯ ಸಾಲಿನಲ್ಲಿ ನಿಲ್ಲಿ. ಊಟ ಎಲ್ಲರಿಗೂ ಇದೆ."

"ಏನಮ್ಮಾ ಇದು?" ಎಂದು ಅವನು ದಾಖಲೆಯ ಹುಡುಗಿಯ ಕಿಟಕಿಯಲ್ಲಿ ಮುಖ ತೂರಿಸಿದ.

"ಸರ್, ನಿಮ್ಮ ಹೆಸರು ಪಡೆಯೋರ ಪಟ್ಟಿಗೆ ಹೋಯ್ತು. ಹೋದ ಕೂಡ್ಲೇ ಕೊಡೋರ ಪಟ್ಟಿಯಿಂದ ತಾನಾಗೇ ಅಳಿಸಿ ಹೋಗುತ್ತೆ. ಎರಡರಲ್ಲೂ ಇರೋ ಹಾಗಿಲ್ಲ."

"ಯಾವ ತಲೆಕೆಟ್ಟವನು ಮಾಡಿದ ನಿಯಮ ಅದು?"

"ನೀವೇ ಸರ್. ಹೋದ ವರ್ಷ ಸಭೇಲಿ ಎದ್ದು ನಿಂತು ಹೇಳಿದ್ರಿ, ಕೊಡೋ ಕೈ, ತಗೊಳ್ಳೋ ಕೈ ಒಂದೇ ಮೈಗೆ ಅಂಟಿರಬಾರದು ಅಂತ. ಎಲ್ಲರೂ ಚಪ್ಪಾಳೆ ತಟ್ಟಿದ್ರು."

ಚಪ್ಪಾಳೆ ಉಗ್ರಾಣಿಗೆ ನೆನಪಿತ್ತು. ಆ ದಿನ ಅವನ ಎದೆ ಒಂದು ಅಂಗುಲ ಉಬ್ಬಿತ್ತು. ತೋಳೂ ಅಷ್ಟು ಉಬ್ಬಿದ್ದರೆ ಈ ಫಜೀತಿ ಬರುತ್ತಿರಲಿಲ್ಲ.

ಅವನು ಓಡಿದ್ದು ಸಲಹೆಗಾರ್ತಿಯ ಬಳಿಗೆ. "ಮೇಡಂ, ನಾನು ಹಸಿದಿಲ್ಲ!"

"ಎಲ್ಲರೂ ಮೊದಲು ಹಾಗೆಯೇ ಹೇಳುತ್ತಾರೆ," ಎಂದು ಅವರು ಅವನ ಭುಜದ ಮೇಲೆ ಕೈ ಇಟ್ಟರು. "ನಾಚಿಕೆ ಪಡಬೇಡಿ. ಹಸಿವು ಅಪರಾಧವಲ್ಲ."

"ಅಯ್ಯೋ, ಈಗಷ್ಟೇ ಎರಡು ಬನ್ನು ತಿಂದು ಬಂದೆ!"

"ಎರಡೇ?" ಅವರ ಕಣ್ಣಲ್ಲಿ ಕರುಣೆ ಉಕ್ಕಿತು.

ಕೊನೆಗೆ ಅವರು ನಿಯಮ ತಿರುವಿ ನೋಡಿ ಒಂದೇ ಒಂದು ದಾರಿ ಹೇಳಿದರು. ಅಳತೆಯಲ್ಲಿ ಅನುಮಾನವಿದ್ದರೆ ಅದೇ ದಿನ ನಾಲ್ಕು ಗಂಟೆಗೆ ಇನ್ನೊಮ್ಮೆ, ಒಂದೇ ಒಂದು ಸಲ, ಅಳೆಯಬಹುದು. ಹಳದಿ ಬಂದರೂ ಸಾಕು, ಅವನು ಮತ್ತೆ ಸಿಬ್ಬಂದಿ. ಕೆಂಪೇ ಬಂದರೆ ಎಂಟು ವಾರ ಪೌಷ್ಟಿಕ ಹಿಟ್ಟು ತಿಂದು ಬರಬೇಕು. ಐದಕ್ಕೆ ಕೊಡುವ ಆದೇಶ ಎಂಟು ವಾರ ಕಾಯುವುದಿಲ್ಲವೆಂದು ಯಾರೂ ಬಾಯಿಬಿಟ್ಟು ಹೇಳಬೇಕಿರಲಿಲ್ಲ.

ಹೊರಗೆ ಸಾಲಿನಲ್ಲಿದ್ದ ಅಜ್ಜಿಯೊಬ್ಬಳು ಅವನನ್ನು ನೋಡಿ ಪಕ್ಕಕ್ಕೆ ಸರಿದಳು. "ಬಾಪ್ಪಾ, ನನ್ನ ಮುಂದೆ ನಿಂತ್ಕೋ. ನಾನು ಇನ್ನೂ ಸ್ವಲ್ಪ ಹೊತ್ತು ತಡೀತೀನಿ. ನೀನು ತಡೆಯೋ ಹಾಗೆ ಕಾಣಲ್ಲ."

ಸುದ್ದಿಗೆ ಕಾಲಿಲ್ಲ, ಆದರೂ ಅದು ಉಗ್ರಾಣಿಯ ಮನೆ ಮುಟ್ಟಲು ಹನ್ನೆರಡು ನಿಮಿಷ ಸಾಕಾಯಿತು. ಮಧ್ಯಾಹ್ನ ಅವನ ಹೆಂಡತಿ ನಾಲ್ಕು ಅಂತಸ್ತಿನ ಊಟದ ಡಬ್ಬಿ ಹಿಡಿದು ಬಂದಳು. ಹಿಂದೆಯೇ ನೆರೆಮನೆಯ ನಿವೃತ್ತ ನರ್ಸಮ್ಮ, ಕೈಯಲ್ಲಿ ಎಣ್ಣೆ ಸೀಸೆ. ಹೆಂಡತಿಯ ಮುಖ ಒಲೆಯಿಂದ ಈಗ ತಾನೆ ಇಳಿಸಿದ ಪಾತ್ರೆಯ ಹಾಗಿತ್ತು.

"ಹತ್ತೊಂಬತ್ತು ವರ್ಷ ನನ್ನ ಕೈಯೂಟ ತಿಂದು, ಈಗ ದೇಶದ ಹಸಿದವರ ಪಟ್ಟೀಲಿ ಹೆಸರು ಬರೆಸ್ಕೊಂಡ್ರಾ? ನಾಳೆ ನಾನು ನಲ್ಲಿ ಹತ್ತಿರ ಹೇಗೆ ಮುಖ ಎತ್ತಿ ನಿಲ್ಲಲಿ?"

"ನಾನು ಬರೆಸಿಲ್ಲ ಕಣೇ, ತೋಳು ಬರೆಸ್ತು."

"ತಿನ್ನಿ!"

ಅವನು ತಿಂದ. ಒಂದನೇ ಡಬ್ಬಿ ಅವಮಾನಕ್ಕೆ, ಎರಡನೆಯದು ಹೆಂಡತಿಯ ಭಯಕ್ಕೆ, ಮೂರನೆಯದು ಮುಖ್ಯಸ್ಥನ ಹುದ್ದೆಗೆ. ನಾಲ್ಕನೆಯದನ್ನು ಯಾತಕ್ಕೆ ತಿಂದನೋ ಅವನಿಗೂ ಗೊತ್ತಿಲ್ಲ. ನರ್ಸಮ್ಮ ದಾರದಿಂದ ಅಳೆದು ನೋಡಿದಳು. ಹೊಟ್ಟೆ ನಾಲ್ಕು ಬೆರಳು ಹೆಚ್ಚಿತ್ತು, ತೋಳು ಇದ್ದ ಹಾಗೇ ಇತ್ತು.

"ಹೊಟ್ಟೆ ಅಳೆಯೋ ಹಾಗಿದ್ರೆ ನಿಮ್ಮನ್ನ ಇವತ್ತೇ ಮಂತ್ರಿ ಮಾಡ್ತಿದ್ರು," ಎಂದಳು ನರ್ಸಮ್ಮ, ಎಣ್ಣೆ ಸುರಿದು ತಿಕ್ಕತೊಡಗಿದಳು. ತಿಕ್ಕಿದ ರಭಸಕ್ಕೆ ತೋಳು ಉಬ್ಬುವ ಬದಲು ಇನ್ನೂ ಒಂದು ಎಳೆ ಇಳಿಯಿತು. ಲಾರಿಯ ಚಾಲಕ ಕಿಟಕಿಯಿಂದ ತಲೆ ಹಾಕಿ, "ಒಂದು ಜೇನುಹುಳ ಹಿಡ್ಕೊಂಡು ಬರ್ಲಾ ಸರ್? ಎರಡು ಕಡೆ ಕಚ್ಚಿಸಿದ್ರೆ ಕುಂಬಳಕಾಯಿ ಆಗುತ್ತೆ," ಎಂದ. ಹೆಂಡತಿ ಆಗಲೇ ಮರಗಳ ಕಡೆ ನೋಡುತ್ತಿದ್ದಳು.

ಆಗ ಬಾಯಿ ಹಾಕಿದವನು ಕಾವಲುಗಾರ. ಸೋಮಾರಿತನದಲ್ಲಿ ಅವನನ್ನು ಮೀರಿಸಿದವನು ಮೂರು ಲೋಕದಲ್ಲಿ ಇದ್ದರೆ ಬಂದು ನನ್ನನ್ನು ಕಾಣಲಿ. ಅವನು ಕೂತ ಪ್ಲಾಸ್ಟಿಕ್ ಕುರ್ಚಿಯ ಕಾಲುಗಳು ನೆಲಕ್ಕೆ ಬೇರು ಬಿಟ್ಟಿದ್ದವು. ನೆರಳು ಸರಿದರೆ ತಾನು ಸರಿಯದೆ, ನೆರಳು ತಿರುಗಿ ಬರುವವರೆಗೆ ಕಾಯುವ ಜಾತಿ.

"ಸರ್, ತೋಳು ಊಟದಿಂದ ಬರಲ್ಲ, ಭಾರದಿಂದ ಬರುತ್ತೆ," ಎಂದ ಕೂತಲ್ಲಿಂದಲೇ. "ನಮ್ಮ ಭಾವ ಕುಸ್ತಿಯವನು. ಅಖಾಡಕ್ಕಿಳಿಯೋ ಮುಂಚೆ ಕಲ್ಲು ಎತ್ತಿ ಎತ್ತಿ ತೋಳು ಉಬ್ಬಿಸ್ಕೊಳ್ತಿದ್ದ. ಅಲ್ಲಿ ನೋಡಿ, ಕಟ್ಟೆ ಮೇಲೆ ಮೂಟೆ ಬಿದ್ದಿದೆ. ಎತ್ತಿ, ಇಳಿಸಿ."

ಕಟ್ಟೆಯ ಮೇಲೆ ನೂರ ಅರವತ್ತು ಮೂಟೆ ಧಾನ್ಯ ಕೂತಿತ್ತು. ನದಿಯಾಚೆ ನೆರೆ ಬಂದ ಊರುಗಳಿಗೆ ಅದು ಆ ಸಂಜೆಯೇ ಹೊರಡಬೇಕಿತ್ತು. ಮೂಟೆ ಹೊರುವವರು ನಾಲ್ಕಕ್ಕೆ ಬರುತ್ತೇವೆ ಎಂದಿದ್ದರು. ನಾಲ್ಕು ಎಂದರೆ ಅವರ ಲೆಕ್ಕದಲ್ಲಿ ಆರು.

ಉಗ್ರಾಣಿ ಅಂಗಿ ಬಿಚ್ಚಿ ಹೆಂಡತಿಯ ಕೈಗೆ ಕೊಟ್ಟು ಒಂದು ಮೂಟೆ ಅಪ್ಪಿಕೊಂಡ. ಮೊದಲು ಮೂಟೆ ಅವನನ್ನು ಎತ್ತಿತೋ ಅವನು ಮೂಟೆಯನ್ನು ಎತ್ತಿದನೋ ಎಂದು ನೋಡುವವರಿಗೆ ಅನುಮಾನವಾಯಿತು. ಹೇಗೋ ಎತ್ತಿದ. ಇಳಿಸಹೊರಟ.

"ಅಲ್ಲೇ ಯಾಕೆ ಇಳಿಸ್ತೀರಿ?" ಎಂದ ಕಾವಲುಗಾರ. "ಎತ್ತಿದ್ದೇ ಎತ್ತಿದಿರಿ, ನಾಲ್ಕು ಹೆಜ್ಜೆ ಹಾಕಿ ಲಾರಿಗೆ ಹಾಕಿ. ಅದೇ ಮೂಟೇನ ಎತ್ತಿ ಎತ್ತಿ ತೋಳಿಗೂ ಬೇಜಾರು ಬರುತ್ತೆ. ಹೊಸ ಹೊಸದು ಎತ್ತಿದ್ರೆ ಹುರುಪು."

ಮಾತು ನ್ಯಾಯವಾಗಿತ್ತು. ಉಗ್ರಾಣಿ ಲಾರಿಗೆ ಹಾಕಿದ.

"ಒಂದು!" ಎಂದ ಕಾವಲುಗಾರ. "ಬೆನ್ನು ನೆಟ್ಟಗೆ ಸರ್. ಡ್ರೈವರಣ್ಣ, ಹಿಂಬದಿ ಹಲಗೆ ಇಳಿಸು, ಅವರು ಹತ್ತೋಕೆ ಮೆಟ್ಟಿಲು ಆಗಲಿ. ಅಕ್ಕ, ನೀರು ಕೊಡಿ. ಒಂದೇ ಗುಟುಕು, ಜಾಸ್ತಿ ಬೇಡ. ಎರಡು!"

ಮೂವತ್ತಕ್ಕೆ ಉಗ್ರಾಣಿಗೆ ನಕ್ಷತ್ರ ಕಂಡವು. ಅರವತ್ತಕ್ಕೆ ಸತ್ತುಹೋದ ಸೋದರತ್ತೆ ಕಂಡಳು. ತೊಂಬತ್ತಕ್ಕೆ ಏನೂ ಕಾಣಲಿಲ್ಲ, ಬರೀ ಮೂಟೆ. ಹೆಂಡತಿ ಬೀಸಣಿಗೆ ಬೀಸಿದಳು, ನರ್ಸಮ್ಮ ನಾಡಿ ಹಿಡಿದು ಜೊತೆಯಲ್ಲೇ ಓಡಿದಳು, ಚಾಲಕ ಲಾರಿಯೊಳಗೆ ಮೂಟೆ ಜೋಡಿಸಿದ. ಸಾಲಿನಲ್ಲಿದ್ದ ಅಜ್ಜಿ, "ಉಣ್ಣದವನಿಗೆ ಎಂಥ ಕೆಲಸ ಹಚ್ಚಿದಾರೆ, ಪಾಪಿಗಳು," ಎಂದು ಇಲಾಖೆಗೆ ಶಾಪ ಹಾಕಿದಳು. ಕಾವಲುಗಾರ ಕುರ್ಚಿಯಿಂದ ಏಳಲಿಲ್ಲ. ಒಮ್ಮೆ ಬಲಗೈ ಬೆರಳು ತೋರಿಸಿದ, ಒಮ್ಮೆ ಎಡಗೈ ಬೆರಳು, ಅಷ್ಟೇ. ಮಹಡಿಯ ಕಿಟಕಿಯಲ್ಲಿ ಸಲಹೆಗಾರ್ತಿ ನಿಂತಿದ್ದರು. ಬಹಳ ಹೊತ್ತು ನಿಂತಿದ್ದರು. ಆದರೆ ಅತ್ತ ನೋಡಲು ಉಗ್ರಾಣಿಯ ಕಣ್ಣಿನಲ್ಲಿ ಬೆವರಿಗಲ್ಲದೆ ಬೇರೆ ಯಾವುದಕ್ಕೂ ಜಾಗವಿರಲಿಲ್ಲ.

"ನೂರ ಅರವತ್ತು!"

ಗಂಟೆ ನಾಲ್ಕಕ್ಕೆ ಹತ್ತು ನಿಮಿಷವಿತ್ತು. ಉಗ್ರಾಣಿಯ ಎಡತೋಳು ಬೇರೆ ಯಾರದ್ದೋ ತೋಳನ್ನು ಎರವಲು ತಂದು ಜೋಡಿಸಿದ ಹಾಗೆ ಉಬ್ಬಿ ನಿಂತಿತ್ತು. ನರಗಳು ಮರದ ಬೇರಿನಂತೆ ಎದ್ದಿದ್ದವು. ಬಲತೋಳಿನ ಸಂಗತಿ ಹೇಳಿದರೆ ನೀವು ನಂಬುವುದಿಲ್ಲ, ಬಿಟ್ಟುಬಿಡುತ್ತೇನೆ.

ನಾಲ್ಕಕ್ಕೆ ಸರಿಯಾಗಿ ಸಲಹೆಗಾರ್ತಿ ತಾವೇ ಪಟ್ಟಿ ಹಿಡಿದರು. ಪಟ್ಟಿ ಸುತ್ತಿತು. ಕೆಂಪನ್ನು ದಾಟಿತು. ಹಳದಿಯನ್ನೂ ದಾಟಿ ಹಸಿರಿಗೆ ಹೋಗಿ ನಿಂತಿತು.

"ಹಸಿರು!" ಎಂದು ಹೆಂಡತಿ ಕೂಗಿದ ಕೂಗಿಗೆ ಉಗ್ರಾಣದ ಸೂರಿನ ಪಾರಿವಾಳಗಳೆಲ್ಲ ಎದ್ದು ಹೋದವು. "ನನ್ನ ಊಟ! ನಾಲ್ಕೂ ಡಬ್ಬಿ ನಂದೇ!"

ದಾಖಲೆಯ ಹುಡುಗಿ ಪಡೆಯುವವರ ಪಟ್ಟಿಯಿಂದ ಹೆಸರು ತೆಗೆದಳು. ಉಗ್ರಾಣಿ ಅಂಗಿ ಹಾಕಿಕೊಂಡ. ತೋಳು ಒಳಹೋಗದೆ ಅಂಗಿಯ ಎಡಗೈಯ ಹೊಲಿಗೆ ಬಿಟ್ಟಿತು, ಆದರೂ ಆನಂದಕ್ಕೆ ಪಾರವಿರಲಿಲ್ಲ. "ಸರಿ ಮೇಡಂ. ಇನ್ನು ಆ ಆದೇಶ..."

"ಆದೇಶವನ್ನು ಐದಕ್ಕೆ ಕಾಯದೆ ಆಗಲೇ ಕೊಟ್ಟಾಗಿದೆ," ಎಂದರು ಸಲಹೆಗಾರ್ತಿ.

"ಕೊಟ್ಟಾಗಿದೆಯಾ? ಯಾರಿಗೆ?"

ಅವರು ಮೆಲ್ಲಗೆ ಬಾಗಿಲ ಕಡೆ ತಿರುಗಿದರು. ಬಾಗಿಲಲ್ಲಿ ಕಾವಲುಗಾರ ನಿಂತಿದ್ದ. ನಿಂತಿದ್ದ ಎನ್ನುವುದೇ ಅರ್ಧ ಸುದ್ದಿ. ಉಳಿದರ್ಧ ಅವನ ಕೈಯಲ್ಲಿದ್ದ ಕಾಗದ.

"ಮೂರು ವರ್ಷಗಳಿಂದ ನಾನು ಒಬ್ಬ ವ್ಯಕ್ತಿಯನ್ನು ಹುಡುಕುತ್ತಿದ್ದೆ," ಎಂದರು ಸಲಹೆಗಾರ್ತಿ. ಅವರ ಕಣ್ಣು ಒದ್ದೆಯಾಗಿತ್ತು. "ಹೊರಗಿನ ಸಹಾಯಕ್ಕೆ ಕಾಯದೆ, ಇರುವ ಜನರಿಂದಲೇ, ಧ್ವನಿ ಏರಿಸದೆ ಕೆಲಸ ಮಾಡಿಸಬಲ್ಲ ವ್ಯಕ್ತಿ. ಇಂದು ಕಿಟಕಿಯಿಂದ ಕಂಡೆ. ಲಾರಿ ಎರಡು ಗಂಟೆ ಮೊದಲೇ ತುಂಬಿತು. ಇಲಾಖೆಯ ಇತಿಹಾಸದಲ್ಲಿ ಮೊದಲ ಬಾರಿ. ಇವರು ಕುರ್ಚಿಯಿಂದ ಏಳಲೂ ಇಲ್ಲ. ಇದನ್ನಲ್ಲವೇ ಸಾಮರ್ಥ್ಯ ಎನ್ನುವುದು?"

ಉಗ್ರಾಣಿ ಕಾವಲುಗಾರನ ಕೈಯಲ್ಲಿದ್ದ ಕಾಗದದಲ್ಲಿ ತನ್ನ ಹೆಸರು ಹುಡುಕಿದ.

"ನಿಮ್ಮನ್ನೂ ಮರೆತಿಲ್ಲ," ಎಂದು ಅವರು ಅವನ ಉಬ್ಬಿದ ತೋಳನ್ನು ಅಭಿಮಾನದಿಂದ ತಟ್ಟಿದರು. ಅವನು ನೋವಿಗೆ ಒಂದು ಗೇಣು ಎಗರಿದ. "ಇಷ್ಟು ಶಕ್ತಿಯನ್ನು ಹತ್ತೊಂಬತ್ತು ವರ್ಷ ಮೇಜಿನ ಹಿಂದೆ ಕೂರಿಸಿದ್ದು ನಮ್ಮ ತಪ್ಪು. ನಾಳೆಯಿಂದ ನೀವು ಮೂಟೆ ತಂಡದ ನಾಯಕರು. ತಂಡದವರು ಬರುವವರೆಗೆ, ತಂಡವೂ ನೀವೇ."

ಹೊರಗೆ ಲಾರಿ ಹೊರಟ ಸದ್ದು ಕೇಳಿತು. ನದಿಯಾಚೆಯ ಊರುಗಳಲ್ಲಿ ಆ ರಾತ್ರಿ ಒಲೆ ಉರಿಯುವುದು ಖಾತ್ರಿಯಾಗಿತ್ತು. ಅದೊಂದು ಸಮಾಧಾನ ಎಂದು ಉಗ್ರಾಣಿ ತನಗೆ ತಾನೇ ಹೇಳಿಕೊಂಡ. ಎರಡು ಸಲ ಹೇಳಿಕೊಂಡ, ಮೊದಲನೇ ಸಲಕ್ಕೆ ನಾಟಲಿಲ್ಲ. ಕಾವಲುಗಾರ ಹತ್ತಿರ ಬಂದು ತಲೆ ಕೆರೆದುಕೊಂಡ.

"ಬೇಜಾರು ಮಾಡ್ಕೋಬೇಡಿ ಸರ್. ನಾನೇನು ಕೇಳಿದ್ದಲ್ಲ. ಮೇಡಂ ತಾವೇ ಬಂದು ಕೊಟ್ರು, ಬೇಡ ಅನ್ನೋಕೆ ಎದ್ದು ನಿಲ್ಲಬೇಕಾಗುತ್ತಲ್ಲ ಅಂತ ಸುಮ್ನಾದೆ. ನಾಳೆ ಎರಡು ಲಾರಿ ಬರ್ತಾವಂತೆ."

ಉಗ್ರಾಣಿ ಹೆಂಡತಿಯ ಜೊತೆ ಮನೆಯ ದಾರಿ ಹಿಡಿದ. ಅವಳು ಆ ದಾರಿಯುದ್ದಕ್ಕೂ ಗಂಡನ ತೋಳನ್ನು ಓರೆಗಣ್ಣಿನಿಂದ ಅಳೆಯುತ್ತಿದ್ದಳು. ತನ್ನ ದುಃಖಕ್ಕೆ ಮರುಗುತ್ತಿದ್ದಾಳೆ ಎಂದುಕೊಂಡು ಅವನು ಆ ತೋಳನ್ನು ಇನ್ನೊಂದು ಕೈಯಿಂದ ಆತು ಹಿಡಿದ. ಮನೆಯ ಹೊಸ್ತಿಲಲ್ಲಿ ಅವಳು ಸೊಂಟಕ್ಕೆ ಕೈ ಕೊಟ್ಟು ನಿಂತಳು.

"ಅಂದ್ರೆ, ಮದುವೆ ಆದಾಗಿನಿಂದ 'ಆ ಬೀರು ಗೋಡೆ ಪಕ್ಕಕ್ಕೆ ಸರಿಸಿ' ಅಂತ ಕೇಳಿದಾಗೆಲ್ಲ, 'ನನ್ನ ತೋಳಲ್ಲಿ ಬಲ ಇಲ್ಲ ಕಣೇ' ಅಂತಿದ್ದದ್ದು ಸುಳ್ಳು?"

ಹಿಂದಿನಿಂದ ನರ್ಸಮ್ಮನ ದನಿ ಬಂತು: "ಮೊದಲು ನಿಮ್ಮದು ಮುಗಿಸ್ಕೊಳ್ಳಿ. ನಮ್ಮನೇಲೂ ಒಂದಿದೆ, ಮಹಡಿಗೆ ಹತ್ತಿಸ್ಬೇಕು."