ಎಲಿ ವ್ಯಾಪಾರಿಯ ಅಂಗಿಯೊಳಗಿನ ಕೂಸು

ಸಿಟ್ಟು ಬಂದು ಅರ್ಧ ತಾಸು ಕಳೆದ ಮೇಲೆ ನನಗೆ ನಗು ಬರುತ್ತದೆ. ಅಷ್ಟರಲ್ಲಿ ಇನ್ನೊಂದು ಸಿಟ್ಟು ಬಂದಿರುತ್ತದೆ. ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಅಂತ ನಾಲ್ಕು ತಾಲ್ಲೂಕು ಬಸ್ಸಿನಲ್ಲಿ ಸುತ್ತುತ್ತ, ದಿನ ತುಂಬದೆ ಹುಟ್ಟಿದ ಕೂಸುಗಳ ಆರೈಕೆಯನ್ನು ಕಲಿಸುವುದು ನನ್ನ ಕೆಲಸ. ಇದೇ ಕೆಲಸಕ್ಕೆ ಕಾಠ್ಮಂಡು, ನೈರೋಬಿ ಎಲ್ಲ ತಿರುಗಿ ಬಂದಿದ್ದೇನೆ. ಅಲ್ಲಿ ಬಯ್ಯಬೇಕೆಂದರೆ ಭಾಷೆ ಬರುತ್ತಿರಲಿಲ್ಲ. ಇಲ್ಲಿ ಬರುತ್ತದೆ, ಅದೇ ತೊಂದರೆ.

ಈ ಸಲದ್ದೆಲ್ಲ ನಡೆದದ್ದು ಒಂದೇ ಕೂಸಿನ ಸುತ್ತ. ಯಾವ ಆಸ್ಪತ್ರೆ ಅಂತ ಕೇಳಬೇಡಿ. ಕೇಳಿದವರೆಲ್ಲ ತಮ್ಮದಲ್ಲ ಅಂದುಕೊಂಡು ಹಾಯಾಗಿರಲಿ.

ರಿಬ್ಬನ್ನು

ಸವಣೂರಿನಲ್ಲಿ ಎಲಿ, ಅಂದರೆ ವೀಳ್ಯದೆಲೆ, ಮಾರುವ ವ್ಯಾಪಾರಿಯೊಬ್ಬನ ಚೊಚ್ಚಲ ಮಗಳು ಎರಡು ತಿಂಗಳು ಮೊದಲೇ ಹುಟ್ಟಿದಳು. ತೂಕ ಒಂದು ಕಿಲೋ ಆರುನೂರು ಗ್ರಾಂ. ಬಿ.ಪಿ. ಏರಿ ತಾಯಿ ಬೇರೆ ಕೋಣೆಯಲ್ಲಿ ಮೈಮೇಲೆ ಎಚ್ಚರವಿಲ್ಲದೆ ಮಲಗಿದ್ದಳು. ಡಾಕ್ಟರು ನೋಡಿ, "ಉಸಿರು ಚಲೋ ಐತಿ, ಹಾಲು ನುಂಗತೈತಿ. ಮೈ ಮಾತ್ರ ತಣ್ಣಗಾಗಬಾರದು. ಆತಂದ್ರ ಕೂಸು ಕೈ ಬಿಟ್ಟು ಹೋಗ್ತೈತಿ" ಅಂದರು.

ಕೂಸಿನ ಮೈ ಬೆಚ್ಚಗಿಡುವ ಹೊಸ ಮಷೀನು ಮೂಲೆಯಲ್ಲೇ ನಿಂತಿತ್ತು. ಪ್ಲಾಸ್ಟಿಕ್ ಹೊದ್ದು, ಸುತ್ತ ಕೆಂಪು ರಿಬ್ಬನ್ನು ಕಟ್ಟಿಸಿಕೊಂಡು.

"ಇದನ್ನ ಚಾಲೂ ಮಾಡ್ರಿ" ಅಂದೆ.

"ಹೆಂಗ ಬರ್ತೈತ್ರಿ ಮೇಡಂ? ಎಮ್ಮೆಲ್ಲೆ ಸಾಹೇಬ್ರ ಕೈಲೆ ಇನ್ನೂ ಉದ್ಘಾಟನೆ ಆಗಿಲ್ಲ" ಅಂದರು ದೊಡ್ಡ ಸಿಸ್ಟರ್.

ನಾನು ಫೋನಿನಲ್ಲಿ ಮೂರು ಮಂದಿಗೆ ಕೂಗಾಡಿದೆ. ಮೂವರೂ ತಾರೀಖು ಇನ್ನೂ ಫಿಕ್ಸ್ ಆಗಿಲ್ಲವೆಂದು ನನಗೇ ಸಮಾಧಾನ ಹೇಳಿದರು. ಎಲಿ ವ್ಯಾಪಾರಿ ಬಾಗಿಲ ಹೊರಗೆ ನಿಂತು ಎಲ್ಲ ಕೇಳಿಸಿಕೊಂಡ. ಕಡೆಗೆ ಕೈಮುಗಿದು ಅಂದ:

"ಮಷೀನಿಂದು ಉದ್ಘಾಟನೆ ಆಗಿಲ್ಲ ಖರೆ ರೀ ಸಿಸ್ಟರ್. ನನ್ನ ಮಗಳದ್ದು ತಾರೀಖು ಫಿಕ್ಸ್ ಆಗೂದ್ರಾಗ ಆಗಿ ಹೋತಲ್ರಿ!"

ಗಂಡಸಿನ ಬಾಣಂತನ

ಮಷೀನು ಇಲ್ಲದಿದ್ದರೆ ಮನುಷ್ಯರ ಎದೆ ಇದೆ. ಕೂಸಿಗೆ ಟೊಪ್ಪಿಗೆ, ಕಾಲುಚೀಲ ಹಾಕಿ, ಬರಿ ಎದೆಗೆ ಒರಗಿಸಿ, ಮೇಲೊಂದು ಬಟ್ಟೆ ಬಿಗಿದರೆ ಮುಗಿಯಿತು. ಕರೆಂಟು ಬೇಡ, ರಿಬ್ಬನ್ನೂ ಬೇಡ. ಆದರೆ ತಾಯಿಗೆ ಎಚ್ಚರವಿಲ್ಲ. ತಾಯಿಯ ಅವ್ವನಿಗೆ ಒಣಕೆಮ್ಮು. ಅವಳ ಎದೆಯ ಮೇಲೆ ಇಡುವಂತಿಲ್ಲ. ಉಳಿದವನು ಅಪ್ಪ.

ಅಪ್ಪ ಆಗಲೇ ಅಂಗಿಯ ಗುಂಡಿ ಬಿಚ್ಚತೊಡಗಿದ್ದ. "ದಿನಾ ಎಲಿ ಬಾಡದಂಗ ನೋಡ್ಕೊಳ್ಳಾಂವ ನಾನು. ಎಲಿಗೆ ಥಂಡಿ ಬೇಕು, ಇಕಿಗೆ ಬಿಸಿ ಬೇಕು. ಅಷ್ಟ ಫರಕು."

ಅಜ್ಜಿ ಹಣೆ ಬಡಿದುಕೊಂಡಳು. "ಗಂಡಸು ಬಾಣಂತನ ಮಾಡ್ತಾನಂತ! ಎಲ್ಲೆರ ಕೇಳೀರೇನವಾ?"

"ನಾ ತಿರುಗಿದ ದೇಶದಾಗ ಮಾಡ್ತಾರ ಅಜ್ಜಿ."

"ರೊಟ್ಟಿನೂ ಅವರ ಬಡೀತಾರೇನು?"

"ಕೆಲವ್ರು ಬಡೀತಾರ."

"ಮತ್ತ ಹೆಂಗಸ್ರು ಏನ್ ಮಾಡ್ತಾರ?"

ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿ, ತಾನೇ ಉತ್ತರ ಕೊಟ್ಟಳು: "ಚೀಲಾ ಹಾಕ್ಕೊಂಡು ಊರೂರು ತಿರುಗತಾರ, ಕಾಣ್ತೈತಲ್ಲ."

ಅಂಗಿಯ ಗುಂಡಿ

ಇಷ್ಟಾದ ಮೇಲೆ ಸಿಸ್ಟರ್ ಗೋಡೆಯ ಬೋರ್ಡು ತೋರಿಸಿದರು. ಹೆರಿಗೆ ವಾರ್ಡಿನಲ್ಲಿ ಗಂಡಸರಿಗೆ ಪ್ರವೇಶವಿಲ್ಲ. ಅಂದರೆ ಒಳಗಿದ್ದರೆ ಕೂಸಿಗೆ ಎದೆ ಇಲ್ಲ, ಎದೆ ಇದ್ದಲ್ಲಿ ಬಾಗಿಲಿಲ್ಲ. ಆಷಾಢದ ಗಾಳಿ ಬೀಸುವ ಪಡಸಾಲೆಯ ಬೆಂಚಿನ ಮೇಲೆ, ಕೂಸನ್ನು ಎದೆಗೆ ಕಟ್ಟಿ, ಅವನನ್ನು ಕೂರಿಸಿದರು. ಬೋರ್ಡು ಬರೆದವನು ಸಿಕ್ಕಿದ್ದರೆ ಅದೇ ಬೋರ್ಡನ್ನು ಅವನ ಮೈಗೆ ಹೊದಿಸುತ್ತಿದ್ದೆ. ಸಿಗಲಿಲ್ಲ. ಸಿಸ್ಟರ್ ಕಣ್ಣೆದುರೇ ಪರದೆಯೊಂದನ್ನು ಕಿತ್ತು ತಂದು ಗಾಳಿಗೆ ಅಡ್ಡ ಕಟ್ಟಿದೆ.

ಮರುದಿನ ಬೀಗರ ದಂಡು ಬಂತು. ಕೂಸು ನೋಡದೆ ಹೋದರೆ ಮರ್ಯಾದೆ ಏನಾದೀತು? ಹಾನಗಲ್ಲಿನ ಸೋದರತ್ತೆ ಅವನ ಅಂಗಿಯ ಮೇಲಿನ ಗುಂಡಿ ತೆಗೆದು ಇಣುಕಿದಳು. ಚಿಕ್ಕಪ್ಪ ಎರಡನೆಯದು ತೆಗೆದ. ಯಾರೋ ಟೊಪ್ಪಿಗೆ ತೆಗೆದು ಕೂದಲು ನೋಡಿದರು. ನಾನು ಬಂದು ಕೂಸಿನ ಪಾದ ಮುಟ್ಟಿದರೆ, ಮಂಜುಗಡ್ಡೆ.

"ಯಾರ್ ಬಿಚ್ಚಿದ್ರು?" ಅಂತ ಗದರಿದೆ. ಇಡೀ ಬಳಗ ಪಕ್ಕದವರ ಮುಖ ನೋಡಿತು. ಅಜ್ಜಿಯೂ ಪಾದ ಮುಟ್ಟಿದಳು. ತಟ್ಟನೆ ಕೂಸಿಗೆ ಟೊಪ್ಪಿಗೆ ಹಾಕಿದಳು, ತನ್ನ ಕಂಬಳಿಯನ್ನು ಅಳಿಯನ ಬೆನ್ನಿನಿಂದ ಸುತ್ತಿದಳು. ಪಾದಕ್ಕೆ ಬಿಸುಪು ಮರಳುವವರೆಗೆ ನಾವಿಬ್ಬರೂ ಅಲ್ಲಿಂದ ಕದಲಲಿಲ್ಲ.

ಆಮೇಲೆ ಎಲಿ ವ್ಯಾಪಾರಿ ಮೆಲ್ಲಗೆ ಅಂದ: "ನನ್ನ ಲಗ್ನದಾಗೂ ಮಂದಿ ಇಷ್ಟು ಆಸೇಲೆ ನನ್ನ ನೋಡಿರಲಿಲ್ರಿ."

ಫೋಟೋ

ಹತ್ತನೆಯ ದಿನ ಸಾಹೇಬರು ಬಂದೇ ಬಂದರು. ಅಷ್ಟರಲ್ಲಿ ತಾಯಿ ಎದ್ದು ಕೂತಿದ್ದಳು, ಪಾಳಿಯ ಪ್ರಕಾರ ಕೂಸನ್ನು ಎದೆಗೆ ಹಾಕಿಕೊಳ್ಳುತ್ತಿದ್ದಳು. ಅವಳು ಊಟಕ್ಕೆ ಕೂತ ಹೊತ್ತು; ಕೂಸು ಪಡಸಾಲೆಯಲ್ಲಿ ಅಪ್ಪನ ಅಂಗಿಯೊಳಗೆ ನಿದ್ದೆ ಹೋಗಿತ್ತು. ಇಳಿದಿದ್ದ ತೂಕ ಹಿಂದಿನ ದಿನವಷ್ಟೇ ಏರತೊಡಗಿತ್ತು.

ರಿಬ್ಬನ್ನು ಕತ್ತರಿಸಿದರು, ಚಪ್ಪಾಳೆ ತಟ್ಟಿದರು. ಮಷೀನು ಚಾಲೂ ಆದದ್ದೇ ಆ ಕ್ಷಣ. ಹಾಸಿಗೆ ಇನ್ನೂ ಕಲ್ಲಿನಷ್ಟು ತಣ್ಣಗಿತ್ತು. ಫೋಟೋ ತೆಗೆಯುವವನು, "ಖಾಲಿ ಐತಲ್ರಿ, ಒಂದು ಕೂಸು ಬೇಕು" ಅಂದ. ಸಿಸ್ಟರ್ ಪಡಸಾಲೆಗೆ ಓಡಿ ಬಂದರು.

"ಎರಡ ನಿಮಿಷ ಕೊಡಪಾ."

"ಕೊಡಂಗಿಲ್ರಿ" ಅಂದ ಅವನು, ಎರಡೂ ಕೈಯಿಂದ ಎದೆ ಮುಚ್ಚಿಕೊಂಡು.

ನಾನು ಬಾಯಿ ತೆರೆಯುವ ಮೊದಲೇ ಸಾಹೇಬರು ಖುದ್ದಾಗಿ ಬಂದರು, ಹಿಂದೆ ಇಪ್ಪತ್ತು ಮಂದಿ. "ಸರಕಾರದ ಮಷೀನು. ನಿಮ್ಮಂಥವ್ರಿಗಂತ ತರಿಸಿದ್ದು. ಬ್ಯಾಡಂದ್ರ ಹೆಂಗ? ಹೋಗ್ಲಿ, ನನ್ನ ಕೈಯಾಗ ಕೊಡು, ಹಂಗ ಒಂದು ಫೋಟೋ ಆಗ್ಲಿ."

ಅಜ್ಜಿ ಬೆಂಚಿನಿಂದ ಎದ್ದು ನಡುವೆ ನಿಂತಳು. ಸೆರಗು ಸರಿಮಾಡಿಕೊಂಡು, ಬಲು ಮರ್ಯಾದೆಯಿಂದ ಹೇಳಿದಳು:

"ಕೊಡ್ತೇವ್ರಿ ಸಾಹೇಬ್ರ, ಯಾಕ ಕೊಡಂಗಿಲ್ಲ? ಕೈಯಾಗ ಅಲ್ಲ, ಎದಿಮ್ಯಾಗ. ಮೊದ್ಲ ಸಾಬೂನು ಹಚ್ಚಿ ಕೈ ತೊಳ್ಕೊಂಡ್ ಬರ್ರಿ. ಆಮ್ಯಾಲೆ ಅಂಗಿ, ಬನಿಯನ್ ಎರಡೂ ಬಿಚ್ಚಿ ಇಲ್ಲಿ ಕುಂದರ್ರಿ. ಒಂದ್ ಮಾತು: ಒಮ್ಮಿ ಕೂಸನ್ನ ಹಾಕ್ಕೊಂಡ್ರ ಸಂಜಿತನಕ ಏಳಂಗಿಲ್ಲ."

ಇಪ್ಪತ್ತು ಮಂದಿಯ ಕಣ್ಣು ಸಾಹೇಬರ ಎದೆಯ ಮೇಲೆ. ಸಾಹೇಬರ ಕೈ ತಂತಾನೇ ಕೊರಳ ಹತ್ತಿರದ ಗುಂಡಿಗೆ ಹೋಯಿತು, ಅದು ಹಾಕಿದೆಯೋ ಇಲ್ಲವೋ ನೋಡಲಿಕ್ಕೆ.