ನಮ್ಮವರ ತಲೆಯ ಕಪ್ಪು ಇಳಿಸಿದ್ದು

"ಯಾಕ್ರಿ ಟೀಚರ್, ಯಾವಾಗ ನೋಡಿದ್ರೂ ಸಿಟ್ಟಿನಾಗ ಇರ್ತೀರಿ" ಎಂದು ನಮ್ಮ ಶಾಲೆಯಲ್ಲಿ ಕೇಳುತ್ತಾರೆ. ಸುಮ್ಮಸುಮ್ಮನೆ ಸಿಟ್ಟಿಗೇಳಲು ನನಗೇನು ಹುಚ್ಚೇ? ಒಂದು ಸಿಟ್ಟು ಇಳಿಯುವುದರೊಳಗೆ ನಮ್ಮ ಮನೆಯಲ್ಲಿ ಇನ್ನೊಂದು ಪ್ರಸಂಗ ನಡೆದಿರುತ್ತದೆ. ಅದನ್ನು ಹೇಳಿದರೆ ಕೇಳಿದವರು ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ಅದಕ್ಕೂ ನನಗೆ ಸಿಟ್ಟು ಬರುತ್ತದೆ.

ನನಗೀಗ ಐವತ್ತೆರಡು, ನಮ್ಮ ಯಜಮಾನರಿಗೆ ಐವತ್ತಾರು. ಎಷ್ಟೋ ವರ್ಷ ಇಬ್ಬರೂ ಒಂದೇ ಬಟ್ಟಲಲ್ಲಿ ಕರಿ ಬಣ್ಣ ಕಲಸಿ ತಲೆಗೆ ಹಚ್ಚಿಕೊಂಡೆವು. ಎರಡು ವರ್ಷದ ಹಿಂದೆ ನನಗೆ ಅದು ಒಗ್ಗದೆ ಕಣ್ಣು ಬಾತು, ಹಣೆಯೆಲ್ಲ ಗುಳ್ಳೆ ಎದ್ದವು. ಡಾಕ್ಟರು ಇನ್ನು ಬಣ್ಣದ ಪೊಟ್ಟಣ ಮುಟ್ಟಲೇಬೇಡಿ ಎಂದರು. ಬಿಟ್ಟೆ. ತಲೆ ಹತ್ತಿಯ ಹಾಗೆ ಬೆಳ್ಳಗಾಯಿತು. ನಮ್ಮವರು ಬಿಡಲಿಲ್ಲ. ಎರಡು ವಾರಕ್ಕೊಮ್ಮೆ ಭಾನುವಾರ ಹಳೆ ಟವೆಲ್ ಹೊದ್ದು ಕುಳಿತು, ಮೀಸೆಗೂ ಸೇರಿಸಿ ಬಳಿದುಕೊಳ್ಳುತ್ತಲೇ ಇದ್ದರು. ಎಲ್ಲ ಅನಾಹುತ ಶುರುವಾದದ್ದು ಅಲ್ಲಿಂದ.

೧. ಹತ್ತು ಪರ್ಸೆಂಟ್

ದುರ್ಗದಬೈಲಿನ ಅಂಗಡಿಯಲ್ಲಿ ಸಾಸಿವೆ ಬಣ್ಣದ ಒಂದು ಇಳಕಲ್ ಸೀರೆ ನನ್ನ ಮನಸ್ಸಿಗೆ ಬಂತು. ಅಂಗಡಿಯವನು ಅದನ್ನು ನನ್ನ ಕೈಯಿಂದ ಮೆಲ್ಲಗೆ ತೆಗೆದಿಟ್ಟು, ಬೂದಿ ಬಣ್ಣದ್ದೊಂದನ್ನು ಬಿಚ್ಚಿ ನಮ್ಮವರ ಮುಂದೆ ಹರವಿದ.

"ಅಣ್ಣಾರ, ತಾಯಾರ ವಯಸ್ಸಿಗೆ ಇದು ಛಲೋ ಒಪ್ಪತೈತ್ರಿ. ಹಡದ ತಾಯಿಗೆ ಸೀರಿ ಕೊಡಸಾಕ ಬಂದೀರಲ್ಲ, ಈಗಿನ ಕಾಲದಾಗ ಯಾರು ಮಾಡ್ತಾರ್ರಿ? ನಿಮ್ಮಂಥ ಮಗನಿಗೆ ಹತ್ತು ಪರ್ಸೆಂಟ್ ಬಿಡ್ತೀನಿ."

ನಾನು ನಮ್ಮವರ ಮುಖ ನೋಡಿದೆ. ಅವರು ಮೀಸೆಯೊಳಗೇ ನಗುತ್ತ ಪಾಕೀಟು ತೆಗೆಯುತ್ತಿದ್ದರು. ಮೈಯೆಲ್ಲ ಉರಿಯಿತು. ಹೊರಗೆ ಬಂದ ಮೇಲೆ ಕೇಳಿದೆ, "ನಾ ನಿಮ್ಮ ಹೇಣ್ತಿ ಅಂತ ಹೇಳಾಕ ಬಾಯಿ ಇರಲಿಲ್ಲೇನು?"

"ಹೇಳಿದ್ರ ಹತ್ತು ಪರ್ಸೆಂಟ್ ಹೋಗ್ತಿತ್ತಲ್ಲ" ಎಂದರು.

೨. ಚುಮುಚುಮು

ಮುಂದಿನ ತಿಂಗಳು ನಮ್ಮ ಮದುವೆಗೆ ಮೂವತ್ತು ವರ್ಷ ತುಂಬುವುದಿತ್ತು. ಸ್ಟುಡಿಯೋಕ್ಕೆ ಹೋಗಿ ಒಂದು ಜೋಡಿ ಫೋಟೋ ತೆಗೆಸಬೇಕೆಂದು ನನ್ನ ಆಸೆ. ಅಂದು ರಾತ್ರಿ ಊಟಕ್ಕೆ ಬಡಿಸುವ ಮೊದಲೇ ಖಡಾಖಂಡಿತ ಹೇಳಿದೆ: "ಆ ಫೋಟೋದಾಗ ನಾ ನಿಮ್ಮ ಹೇಣ್ತಿ ಕಾಣಬೇಕು. ನನಗ ಬಣ್ಣ ಹಚ್ಚಾಕ ಬರಂಗಿಲ್ಲ. ನಿಮ್ಮ ಬಣ್ಣ ನೀವು ತಗೀರಿ."

ಮುದುಕಿಯಾದೆ ಎಂಬ ದುಃಖ ನನಗಿಲ್ಲ. ಜೊತೆಗೆ ಬಂದವರು ನನ್ನೊಬ್ಬಳನ್ನೇ ಮುದುಕಿ ಮಾಡಿ ಪಕ್ಕದಲ್ಲಿ ಮಗನಾಗಿ ನಿಂತರಲ್ಲ, ಆ ಸಂಕಟ.

ಕೇಶ್ವಾಪುರದ ಸಲೂನಿನವನು ಹಳೆ ಬಣ್ಣ ತೆಗೆಯಲು ನಾಲ್ಕು ಸಾವಿರ ಎಂದ. ನಮ್ಮವರು ಕುರ್ಚಿಯಿಂದ ಎದ್ದೇ ಬಂದರು. ಮೊಬೈಲಿನಲ್ಲಿ ಯಾರೋ ವಿಟಮಿನ್ ಸಿ ಗುಳಿಗೆ ಪುಡಿ ಮಾಡಿ ಶಾಂಪೂದಲ್ಲಿ ಕಲಸಿ ಹಚ್ಚಿದರೆ ಬಣ್ಣ ಇಳಿಯುತ್ತದೆ ಎಂದಿದ್ದರಂತೆ. ಮನೆಯಲ್ಲಿ ಮಕ್ಕಳು ಚೀಪುವ ಕಿತ್ತಳೆ ರುಚಿಯ ಗುಳಿಗೆ ಉಳಿದಿದ್ದವು. ಅವನ್ನೇ ಕುಟ್ಟಿ, ಕಲಸಿ, ಹಚ್ಚಿ, ತಲೆಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು ಸೋಫಾದ ಮೇಲೆ ಮಲಗಿದರು.

ಒಂದು ತಾಸಿನ ಮೇಲೆ ಒಳಗಿಂದ ಕರೆದರು. "ಏ, ಔಷಧ ಹತ್ತಾಕತ್ತೈತಿ ನೋಡು. ತಲಿ ತುಂಬಾ ಚುಮುಚುಮು ಅನ್ನಾಕತ್ತೈತಿ."

ಹೋಗಿ ನೋಡಿದರೆ ಸೋಫಾದ ಕಾಲಿನಿಂದ ಚೀಲದವರೆಗೆ ಕೆಂಪಿರುವೆಯ ಸಾಲು. ಆ ಗುಳಿಗೆಯಲ್ಲಿ ಅರ್ಧಕ್ಕರ್ಧ ಸಕ್ಕರೆ. ಚೀಲ ಬಿಚ್ಚಿದೆ. ಕೂದಲು ಮೊದಲಿಗಿಂತ ಕರ್ರಗೆ ಮಿಂಚುತ್ತಿತ್ತು. ಇರುವೆಗಳು ಅದರಲ್ಲಿ ಬಹಳ ಚಂದ ಕಾಣುತ್ತಿದ್ದವು.

೩. ಮುಂದಿನ ಅರ್ಧ

ಆಮೇಲೆ ಬಂದದ್ದು ಹೆಂಗಸರು ಮುಖಕ್ಕೆ ಹಚ್ಚುವ ಬ್ಲೀಚು. ಅದರಲ್ಲೂ ಎಲ್ಲಕ್ಕಿಂತ ಸಣ್ಣ ಡಬ್ಬಿ, ತುಟಿಯ ಮೇಲಿನ ಕೂದಲಿಗೆ ಸಾಕಾಗುವಷ್ಟು. ಡಬ್ಬಿಯ ಮೇಲೆ ಹದಿನೈದು ನಿಮಿಷ ಎಂದು ಬರೆದಿತ್ತು.

"ಮಾರಿಗೆ ಹದಿನೈದು ಅಂದ್ರ ತಲಿಗೆ ನಲವತ್ತೈದು" ಎಂದು ಲೆಕ್ಕ ಹೇಳಿದರು.

ತೊಳೆದುಕೊಂಡು ಬಚ್ಚಲಿನಿಂದ ಹೊರಗೆ ಬಂದಾಗ ನಾನು ಅಕ್ಕಿ ಆರಿಸುತ್ತಿದ್ದೆ. ಮೊರ ಕೈಯಿಂದ ಜಾರಿತು. ಮೀಸೆ ಹಿತ್ತಾಳೆಯ ಬಣ್ಣ. ತಲೆ ಕಿತ್ತಳೆ ಹಣ್ಣಿನದು, ಅದೂ ಕಿವಿಯವರೆಗೆ ಮಾತ್ರ. ಡಬ್ಬಿ ಅಷ್ಟಕ್ಕೇ ಮುಗಿದಿತ್ತು. ಕಿವಿಯಿಂದ ಹಿಂದೆ ಎಂದಿನ ಕರಿ ತಲೆ ಹಾಗೇ ಇತ್ತು.

"ಇನ್ನೊಂದು ಡಬ್ಬಿ ತರ್ರಿ" ಎಂದು ಒದರಿದೆ.

ನಮ್ಮವರು ಕನ್ನಡಿಯ ಮುಂದೆ ಆಚೆ ಈಚೆ ತಿರುಗಿ ನೋಡಿಕೊಂಡರು. "ಯಾಕ? ಫೋಟೋ ಮುಂದಿನಿಂದನ ತಗೀತಾರಲ್ಲ?"

೪. ಮಾದರಿ ನೌಕರ

ಅವರು ತಾರಿಹಾಳದ ಒಂದು ಕಾರ್ಖಾನೆಯಲ್ಲಿ ಸೂಪರ್‌ವೈಸರು. ಆ ತಲೆ ಹೊತ್ತು ಕೆಲಸಕ್ಕೆ ಹೋಗುವುದು ಹೇಗೆ? ಬೆಳಿಗ್ಗೆ ಗೇಟಿನಲ್ಲಿ ಸ್ಕೂಟರಿನ ಹೆಲ್ಮೆಟ್ ತೆಗೆದ ಕ್ಷಣವೇ ಕಾರ್ಖಾನೆಯ ಹಳದಿ ಹೆಲ್ಮೆಟ್ ಹಾಕಿಕೊಂಡವರು ಸಂಜೆಯವರೆಗೆ ತೆಗೆಯಲಿಲ್ಲ. ಊಟಕ್ಕೂ ತೆಗೆಯಲಿಲ್ಲ. ಹೀಗೆ ಆರು ದಿನ. ಮೀಸೆಗೆ ಕರವಸ್ತ್ರ ಕಟ್ಟಿಕೊಂಡು ಧೂಳು ಎಂದರಂತೆ.

ಏಳನೆಯ ದಿನ ಮಾಲಕರು ಎಲ್ಲರನ್ನೂ ಕೂಡಿಸಿ, "ಸುರಕ್ಷತೆ ಅಂದ್ರ ಏನು ಅನ್ನೂದು ಇವರನ್ನ ನೋಡಿ ಕಲೀರಿ" ಎಂದು ಹೆಲ್ಮೆಟ್ ಸಮೇತ ಇವರ ಫೋಟೋ ತೆಗೆಸಿ ಬೋರ್ಡಿಗೆ ಹಚ್ಚಿಸಿದರು.

ಸಂಜೆ ಮನೆಗೆ ಬಂದವರು ಹೆಮ್ಮೆಯಿಂದ ಹೇಳಿದರು, "ಫೋಟೋ ಫೋಟೋ ಅಂತಿದ್ದಿ. ಆತು ನೋಡು, ಪುಕ್ಕಟೆ."

೫. ಡಬ್ಬಿ

ಬ್ಲೀಚು ಕುಡಿದ ಕೂದಲು ಮರುವಾರ ಬಾಚಣಿಗೆಗೆ ತುಂಡುತುಂಡಾಗಿ ಬರತೊಡಗಿತು. ನನ್ನ ತಾಳ್ಮೆ ಮುಗಿಯಿತು. ಕೈ ಹಿಡಿದು ಕ್ಷೌರದಂಗಡಿಗೆ ಕರೆದುಕೊಂಡು ಹೋಗಿ, "ಎಲ್ಲಾ ತಗದುಬಿಡ್ರಿ, ಮೀಸಿನೂ" ಎಂದೆ. ನುಣ್ಣಗೆ ಬೋಳಿಸಿದ ತಲೆ ಕಂಡು ಬಹಳ ದಿನಗಳ ಮೇಲೆ ಸಮಾಧಾನವಾಯಿತು. ಇನ್ನು ಬರುವುದೆಲ್ಲ ಬೆಳ್ಳಗೇ ಬರುತ್ತದೆ, ಫೋಟೋ ಎರಡು ತಿಂಗಳು ತಡವಾದರೂ ಚಿಂತೆಯಿಲ್ಲ ಎಂದುಕೊಂಡೆ.

ಮರುದಿನ ಭಾನುವಾರ. ಮಧ್ಯಾಹ್ನ ಬಾಗಿಲು ಬಡಿದ ಸದ್ದು. ಎದುರು ಮನೆಗೆ ಬಾಡಿಗೆಗೆ ಬಂದು ತಿಂಗಳೂ ಆಗದ ಹಿರಿಯರೊಬ್ಬರು ಊಟದ ಡಬ್ಬಿ ಹಿಡಿದು ನಿಂತಿದ್ದರು. ಒಳಗೆ ಬಂದವರೇ ಡಬ್ಬಿ ಮೇಜಿನ ಮೇಲಿಟ್ಟು, ನಮ್ಮವರ ಬೋಳು ತಲೆ ನೋಡಿ, ಕೈ ಹಿಡಿದುಕೊಂಡು ಕಣ್ಣು ಒದ್ದೆ ಮಾಡಿಕೊಂಡರು.

"ನಿನ್ನೆ ನಿಮ್ಮನ್ನ ನೋಡಿ ಕರಳು ಚುರ್ ಅಂತ್ರಿ. ಸಾವಿನ ಮನ್ಯಾಗ ಒಲಿ ಹಚ್ಚಿರಂಗಿಲ್ಲ ಅಂತ ನಮ್ಮ ಮನಿಯವರು ಎರಡು ರೊಟ್ಟಿ, ಪಲ್ಯಾ ಕೊಟ್ಟಾರ. ಎಷ್ಟ ವಯಸ್ಸಾದ್ರೂ ತಾಯಿ ತಾಯಿನ..."

ಅಷ್ಟರಲ್ಲಿ ನಾನು ಅಡುಗೆಮನೆಯಿಂದ ಹೊರಗೆ ಬಂದೆ. ಅವರು ನನ್ನನ್ನು ನೋಡಿದರು, ಬೋಳು ತಲೆಯನ್ನು ನೋಡಿದರು. ಸ್ವಲ್ಪ ಹೊತ್ತು ಮನಸ್ಸಿನಲ್ಲೇ ಕೂಡಿಸಿ ಕಳೆದು, ತಾಯಿ ಜೀವಂತ ಇದ್ದ ಮೇಲೆ ಹೋದವರು ತಂದೆಯೇ ಎಂದು ತೀರ್ಮಾನಿಸಿಕೊಂಡರು. ನನ್ನ ಕಡೆ ತಿರುಗಿ ಎರಡೂ ಕೈ ಮುಗಿದರು.

"ತಪ್ಪು ತಿಳ್ಕೊಂಡಿದ್ದೆ, ಕ್ಷಮಾ ಮಾಡ್ರಿ ಅಮ್ಮಾರ. ಯಜಮಾನ್ರು ಹೋದ್ರೇನ್ರಿ? ಬಂದಾಗಿಂದ ಒಂದು ದಿನಾನೂ ಅವರ ಮಾರಿ ನೋಡೂದು ಆಗ್ಲಿಲ್ಲ. ಹಾಸಿಗಿ ಹಿಡದಿದ್ರು ಕಾಣಸ್ತೈತಿ." ನನ್ನ ಹಣೆಯ ಕಡೆ ನೋಡಿ ದನಿ ತಗ್ಗಿಸಿದರು. "ಕುಂಕುಮ ಅಳಿಸಿಲ್ಲ, ಛಲೋ ಮಾಡೀರಿ. ಈಗ ಅದನ್ನೆಲ್ಲಾ ಯಾರು ಕೇಳ್ತಾರ?" ಆಮೇಲೆ ನಮ್ಮವರ ಬೆನ್ನು ಸವರಿದರು. "ಇನ್ನ ಅವ್ವಾರನ್ನ ನೀವ ನೋಡ್ಕೋಬೇಕು."

ನಮ್ಮವರು ಈಗಲಾದರೂ ಬಾಯಿ ಬಿಡುತ್ತಾರೇನೋ ಎಂದು ಕಾದೆ. ಬಿಟ್ಟರು. "ಏನು ಪಲ್ಯಾರಿ?" ಎಂದು ಡಬ್ಬಿಯ ಮುಚ್ಚಳ ತೆಗೆದು ನೋಡಿದರು.

"ಬದನಿಕಾಯಿ" ಎಂದ ಆ ಹಿರಿಯರು ನನ್ನ ಮುಖ ನೋಡಿ, ಏನೋ ತಪ್ಪಾಗಿದೆ ಎಂದು ಗೊತ್ತಾಗಿ, ಡಬ್ಬಿ ತಿರುಗಿ ಕೈಗೆ ತೆಗೆದುಕೊಂಡು ಬಾಗಿಲ ಕಡೆ ಹೊರಟರು.

"ಕೂಡ್ರಿ" ಎಂದೆ. "ನಮ್ಮ ಯಜಮಾನ್ರು ಇನ್ನೂ ಹೋಗಿಲ್ಲ, ಇಲ್ಲೇ ನಿಂತಾರ. ಆದ್ರ ಡಬ್ಬಿ ಒಯ್ಯಬ್ಯಾಡ್ರಿ, ಇನ್ನೊಂದು ತಾಸಿನ್ಯಾಗ ಬೇಕಾಗತೈತಿ."